ಹಕ್ಕಿಯನ್ನು ಅಕ್ಕಿ ಎಂದೆ

ಒಂದೇ ಒಂದು ಅಕ್ಷರವನ್ನು ನುಂಗಿ ನಾನು ಒಬ್ಬಳ ಬಾಳು ಕೆಡಿಸಿದೆ. ಅವಳು ನನ್ನ ಗೆಳತಿ ಮಾದೇವಿ, ಬಂಡಳ್ಳಿಯವಳು. ಅವಳು ಸರಿಯಾದ ಉತ್ತರ ಹೇಳಿದ್ದಳು. ಅದು ಸರಿಯೆಂದು ಗೊತ್ತಿದ್ದೂ, ಪರೀಕ್ಷೆ ಮಾಡಲು ಬಂದವರಿಗೆ ತಪ್ಪಾಗಿ ಕೇಳಿಸುವಂತೆ ಮಾಡಿದೆ. ಅವಳಿಗೆ ಸಿಗಬೇಕಿದ್ದ ಓದು ನನಗೆ ಸಿಕ್ಕಿತು. ನನಗೆ ಬರಬೇಕಿದ್ದದ್ದು ಅವಳಿಗೆ ಹೋಯಿತು.

ಭಯವಿತ್ತು, ಅದಕ್ಕೇ ಹಾಗೆ ಮಾಡಿದೆ ಎಂದು ಮೊದಲು ಬರೆದಿದ್ದೆ. ಆಮೇಲೆ ಹೊಡೆದು ಹಾಕಿದೆ. ಭಯ ಇದ್ದದ್ದು ನಿಜ. ಆದರೆ ‘ಅದಕ್ಕೇ’ ಎಂಬ ಮಾತಿನ ಮರೆಯಲ್ಲಿ ನಾನು ಬಹಳ ವರ್ಷ ಅಡಗಿ ಕೂತಿದ್ದೇನೆ — ಸಾಕು.

ನಮ್ಮ ಕಡೆಯವರ ಬಾಯಲ್ಲಿ ಹಕಾರ ನಿಲ್ಲುವುದಿಲ್ಲ. ಹೋಗು ಎಂಬುದು ಓಗು, ಹಸು ಎಂಬುದು ಅಸು. ಯಾರಿಗೂ ಇದರಿಂದ ತೊಂದರೆಯಿಲ್ಲ. ಹಾವು ಬಂದರೆ ‘ಆವು’ ಎಂದು ಕೂಗಿದರೂ ಎಲ್ಲರೂ ಓಡಿಯೇ ಓಡುತ್ತಾರೆ. ಆದರೆ ನನ್ನ ಅಪ್ಪ ಮೈಸೂರಿನವರು. ಕೊಳ್ಳೇಗಾಲದ ಸೀಮೆ ಮದರಾಸು ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿದ ಮೇಲೆ ಹನೂರಿಗೆ ಗುಮಾಸ್ತರಾಗಿ ವರ್ಗವಾಗಿ ಬಂದವರು. ಮಗಳ ಮಾತು ಕೆಟ್ಟೀತೆಂದು ಅವರಿಗೆ ಚಿಂತೆ. ನನ್ನ ಅಂಗೈಯನ್ನು ನನ್ನ ಬಾಯಿಯ ಮುಂದೆಯೇ ಹಿಡಿಸಿ, “ಹಾಲು ಅನ್ನು, ಹಣ್ಣು ಅನ್ನು. ಉಸಿರು ಅಂಗೈಗೆ ತಾಗಬೇಕು. ತಾಗಲಿಲ್ಲ ಅಂದ್ರೆ ಹಕಾರ ಬರಲಿಲ್ಲ ಅಂತ ಲೆಕ್ಕ,” ಎನ್ನುತ್ತಿದ್ದರು. ಹೀಗೆ ಅಂಗೈಗೆ ಉಸಿರೂದಿಕೊಂಡೇ ನಾನು ಶುದ್ಧವಾಗಿ ಮಾತಾಡುವುದನ್ನು ಕಲಿತೆ.

ಇನ್ನು ಭಯದ ವಿಷಯ. ಅಮ್ಮನ ತವರು ಯಳಂದೂರು. ಅಲ್ಲಿ ಅವಳ ತಮ್ಮ, ನನ್ನ ಸೋದರಮಾವ, ಅಕ್ಕಿ ಮಂಡಿ ಇಟ್ಟಿದ್ದ. ಮನೆಯ ಹಿಂಭಾಗದಲ್ಲಿ ಮೂಟೆ ಪೇರಿಸುವ ಕೋಣೆ — ಕಿಟಕಿಯಿಲ್ಲ, ತೌಡಿನ ವಾಸನೆ, ಚಿಲಕ ಹೊರಗಡೆಗೆ. ನಾನು ಚಿಕ್ಕವಳಿದ್ದಾಗ ಒಂದು ಬೇಸಿಗೆ ರಜೆಯಲ್ಲಿ ಆ ಕೋಣೆಯ ಹೊರಗೆ ಆಡುತ್ತಿದ್ದೆ. ಬಾಗಿಲ ಆಚೆಯಿಂದ ಕೆರೆಯುವ ಸದ್ದು ಬಂತು. ಇಲಿ ಎಂದುಕೊಂಡೆ. ಆ ಸದ್ದು ನಿಂತು, ನನ್ನ ಹೆಸರು ಹಿಡಿದು ಕರೆಯಿತು. “ಗಿರ್ಜಾ... ಚಿಲ್ಕ ತಗಿಯವ್ವ.” ಅತ್ತೆಯ ದನಿ. ನಾನು ಚಿಲಕಕ್ಕೆ ಕೈಯೆತ್ತುವಷ್ಟರಲ್ಲಿ ಹಿಂದೆ ಮಾವ ನಿಂತಿದ್ದ. ಬೈಯಲಿಲ್ಲ. ಎಲೆಅಡಿಕೆ ಜಗಿಯುತ್ತಾ ನಗುತ್ತಲೇ, “ನಿಮ್ಮತ್ತೆ ಅಕ್ಕಿ ಆರುಸ್ತಾವ್ಳೆ. ನೀ ಆಟಾಡ್ಕೋ ಓಗು,” ಎಂದ. ನಾನು ಹೋದೆ. ಆಡಿದೆ ಕೂಡ. ಮುಂದಿನ ರಜೆಗೆ ಹೋಗುವಷ್ಟರಲ್ಲಿ ಅತ್ತೆ ಕಾಯಿಲೆ ಬಿದ್ದು ಸತ್ತಿದ್ದಳು.

ನಾನು ದೊಡ್ಡವಳಾದಾಗ ಅಮ್ಮ ಬಾಯಿಬಿಟ್ಟು ಹೇಳತೊಡಗಿದಳು — “ತಮ್ಮನ ಮನೆ ಕತ್ಲಾಗದೆ. ಇವಳನ್ನೇ ಕೊಟ್ಬುಡಮ.” ಅಪ್ಪ ಬೇಡವೆನ್ನಲಿಲ್ಲ, ಹೂಂ ಎಂದೂ ಅನ್ನಲಿಲ್ಲ. ಮೈಸೂರಿನ ಹೆಣ್ಣುಮಕ್ಕಳ ವಸತಿ ಶಾಲೆಗೆ ಪುಕ್ಕಟೆ ಸೀಟು ಸಿಕ್ಕಿದರೆ ಓದಲಿ, ಸಿಗದಿದ್ದರೆ ಮದುವೆ — ಇಷ್ಟಕ್ಕೆ ಒಪ್ಪಂದವಾಯಿತು. ನಮ್ಮ ಕಡೆಯಿಂದ ಒಬ್ಬಳನ್ನು ಮಾತ್ರ ಆರಿಸುತ್ತಿದ್ದರು.

ಮಾದೇವಿ ಮತ್ತು ನಾನು ಒಂದೇ ತರಗತಿ. ಅವಳು ಬಂಡಳ್ಳಿಯಿಂದ ಹನೂರಿಗೆ ಬಂದು ಓದುತ್ತಿದ್ದಳು. ಮನೆಯಲ್ಲಿ ರೇಷ್ಮೆಹುಳು ಸಾಕುತ್ತಿದ್ದರು. ಅವಳಿಗೊಂದು ಹುಚ್ಚು — ಎಲ್ಲಿಯದೋ ಒಂದನ್ನು ಎಲ್ಲಿಯದಕ್ಕೋ ಗಂಟು ಹಾಕುವುದು. ಪರೀಕ್ಷೆಗೆಂದು ಕೊಳ್ಳೇಗಾಲಕ್ಕೆ ಹೋಗುವ ಬಸ್ಸಿನಲ್ಲಿ ನಾನು ಬೆವರುತ್ತಾ ಕೂತಿದ್ದರೆ ಅವಳು ಮೊಣಕೈಯಲ್ಲಿ ತಿವಿದು, “ಮೇಷ್ಟ್ರ ಬೆತ್ತಕ್ಕೂ ನಮ್ಮವ್ವನ ಒಗ್ಗರಣೆಗೂ ಏನಮ್ಮಿ ಸಂಬಂದ?” ಎಂದಳು. ನನಗೆ ಹೊಳೆಯಲಿಲ್ಲ. “ಎಲ್ಡೂ ಚಟಾರ್ ಅಂತವೆ. ಆಮೇಕೆ ಕಣ್ಣಲ್ಲಿ ನೀರು,” ಎಂದು ಬಸ್ಸೆಲ್ಲಾ ಕೇಳುವಂತೆ ನಕ್ಕಳು. ಅಂಥ ಭಯದಲ್ಲೂ ನನಗೆ ನಗು ಬಂತು.

ಬರೆಯುವ ಪರೀಕ್ಷೆಯಲ್ಲಿ ಅವಳೂ ನಾನೂ ಸಮಸಮ. ಹಾಗಾಗಿ ಆಯ್ಕೆಯೆಲ್ಲಾ ಬಾಯಲ್ಲಿ ಕೇಳುವ ಪದಗಳ ಪರೀಕ್ಷೆಯ ಮೇಲೆ ನಿಂತಿತು. ಅದನ್ನು ನಡೆಸಲು ಬಂದವರು ತರಬೇತಿ ಕಾಲೇಜಿನವರು, ಧಾರವಾಡದ ಕಡೆಯವರು, ಒಳ್ಳೆಯ ಮನುಷ್ಯ. ನಮ್ಮನ್ನೆಲ್ಲಾ ಕೂರಿಸಿಕೊಂಡು ವಿವರಿಸಿದರು: “ಮೂರು ಪದಾ ಹೇಳ್ತೀನಿ. ಮೂರಕ್ಕೂ ಹೊಂದೂವಂಥಾ ಒಂದ ಪದಾ ನೀವು ಹೇಳ್ಬೇಕು. ಬಾಯಿಪಾಠಾ ಒಪ್ಪಸೂದಲ್ಲ ಇದು. ಹೊಸಾದು ಹೊಳೀಬೇಕು.” ಸೂಜಿ, ತೆಂಗಿನಕಾಯಿ, ನವಿಲುಗರಿ ಎಂದು ಉದಾಹರಣೆ ಕೊಟ್ಟರು. ಮಾದೇವಿ ಅವರು ಬಾಯಿ ಮುಚ್ಚುವ ಮೊದಲೇ “ಕಣ್ಣು!” ಎಂದುಬಿಟ್ಟಳು. ದೂರದೂರದ ಪದಗಳನ್ನು ಯಾರು ಹತ್ತಿರ ತರುತ್ತಾರೋ ಅವರಿಗೆ ಸ್ವಂತವಾಗಿ ಯೋಚಿಸುವ ಶಕ್ತಿ ಇರುತ್ತದೆ, ಅದನ್ನು ಅಳೆಯುವುದೇ ಈ ಆಟ ಎಂದರು. ಬರೆಸಿದರೆ ಮಕ್ಕಳು ತಡೆದು ಯೋಚಿಸುತ್ತಾರೆಂದು ಬಾಯಲ್ಲೇ ಕೇಳುತ್ತಿದ್ದರು. ಬರೆಸಿದ್ದರೆ — ಮಾದೇವಿ ಬರೆಯುವಾಗ ಹಕಾರವನ್ನು ಎಂದೂ ಬಿಟ್ಟವಳಲ್ಲ.

ಅವರಿಗೆ ನಮ್ಮ ಕಡೆಯ ಮಾತು ಹಿಡಿಯುತ್ತಿರಲಿಲ್ಲ. ಮೊದಲು ನನ್ನನ್ನು ಕರೆದರು. ನನ್ನ ಮಾತು ಕೇಳಿ ಖುಷಿಯಾಗಿ, ನನ್ನದು ಮುಗಿದ ಮೇಲೆ, “ನಿನ್ನ ಮಾತು ಸ್ವಚ್ಛ ಅದ. ಇಲ್ಲೇ ಕೂಡವಾ. ಇವರು ಏನಂತಾರ ನನಗ ತಿಳಿಸು,” ಎಂದು ಪಕ್ಕದ ಬೆಂಚಿನಲ್ಲಿ ಕೂರಿಸಿಕೊಂಡರು. ಒಬ್ಬೊಬ್ಬರಾಗಿ ಬಂದರು. ಒಬ್ಬಳು ‘ಅಗ್ಗ’ ಎಂದಳು. ನಾನು “ಹಗ್ಗ, ಸಾರ್” ಎಂದೆ. ಇನ್ನೊಬ್ಬಳು ‘ಅಲ್ಲು’ ಎಂದಳು, “ಹಲ್ಲು, ಸಾರ್.” ಬೆಳಗಿನಿಂದ ಎಲ್ಲರ ಬಾಯಿಂದ ಬಿದ್ದ ಹಕಾರವನ್ನೂ ನಾನೇ ಎತ್ತಿ ಅವರ ಕೈಗೆ ಕೊಟ್ಟಿದ್ದೇನೆ. ಇದನ್ನು ಮರೆಯಬೇಡಿ. ಮಾದೇವಿ ಹೇಳಿದ್ದನ್ನು ಹೇಳಿದ ಹಾಗೆಯೇ ಒಪ್ಪಿಸಿದೆ, ಅದರಲ್ಲಿ ಸುಳ್ಳೇನು — ಎಂದು ನಾನು ನನಗೇ ಎಷ್ಟೋ ಸಲ ಹೇಳಿಕೊಂಡಿದ್ದೇನೆ. ಆ ಮಾತು ನಿಲ್ಲುವುದಿಲ್ಲ.

ನನಗೆ ಬರದೇ ಹೋದದ್ದು ಕೊನೆಯ ಒಗಟು ಒಂದೇ. ಹಾಲು, ಬಿಳುಪು, ಗೂಡು. ಕೊಳ್ಳೇಗಾಲದ ಸೀಮೆಯಲ್ಲಿ ಗೂಡು ಎಂದರೆ ರೇಷ್ಮೆಗೂಡು ಬಿಟ್ಟು ಬೇರೇನು ನೆನಪಾದೀತು? ನಾನೂ ‘ರೇಷ್ಮೆ’ ಎಂದಿದ್ದೆ, ಉಳಿದವರೂ ಹಾಗೆಯೇ ಅಂದರು. ಅವರು ಅಲ್ಲವೆಂದು ತಲೆಯಾಡಿಸಿದರು. ಕೊನೆಗೆ ಮಾದೇವಿ ಬಂದಳು. ಮಿಕ್ಕಿದ್ದನ್ನೆಲ್ಲಾ ನನ್ನ ಹಾಗೆಯೇ ಸರಿಯಾಗಿ ಹೇಳಿದಳು. ನಾನು ಬೆಂಚಿನ ಅಂಚನ್ನು ಬಿಗಿಯಾಗಿ ಹಿಡಿದಿದ್ದೆ. ಕೊನೆಯದು ಬಂತು. ಅವಳು ಕಾಲ ಹೆಬ್ಬೆರಳಿನಿಂದ ನೆಲ ಉಜ್ಜುತ್ತಾ ತನ್ನಷ್ಟಕ್ಕೆ ಗೊಣಗಿದಳು, “ರೇಸ್ಮೆ ಅಲ್ಲ. ನಮ್ಮನೆ ಗೂಡು ಅಳ್ದಿ, ಬಿಳ್ಪಲ್ಲ...” ಆಮೇಲೆ ತಲೆಯೆತ್ತಿದಳು. “ಅಕ್ಕಿ ಸಾ!”

ಅವಳು ಅಂದ ಕ್ಷಣವೇ ನನಗೂ ಹೊಳೆಯಿತು. ಹಾಲಕ್ಕಿ. ಬೆಳ್ಳಕ್ಕಿ. ಹಕ್ಕಿಗೂಡು. ಅವಳ ಅಜ್ಜಿ ಊರಿಗೆ ಹೊರಡುವ ಮುಂಚೆ ಹಾಲಕ್ಕಿ ನುಡಿಯುವುದನ್ನು ಕಾಯುತ್ತಿದ್ದದ್ದು, ಕೆರೆಯ ಏರಿಯ ಮೇಲೆ ನಾವಿಬ್ಬರೂ ಬೆಳ್ಳಕ್ಕಿ ಓಡಿಸುತ್ತಿದ್ದದ್ದು... ಮೈ ಜುಮ್ಮೆಂದಿತು. ಎಷ್ಟು ಚೆನ್ನಾಗಿ ಹೇಳಿದಳು ಎಂದು ಮೊದಲು ಅನ್ನಿಸಿದ್ದು ನಿಜ. ಅದರ ಹಿಂದೆಯೇ ಭಯ ಬಂತು. ಅವಳು ಗೆದ್ದಳು. ನಾನು ಯಳಂದೂರಿಗೆ. ಕಿಟಕಿಯಿಲ್ಲದ ಕೋಣೆ, ಹೊರಗಡೆಯ ಚಿಲಕ.

ಅವರು ನನ್ನ ಕಡೆ ತಿರುಗಿದರು. “ಏನಂದ್ಳವಾ ಈಕಿ?”

ಉಸಿರು ಬಿಗಿಹಿಡಿದೆ. ಉಸಿರು ಬಿಡದಿದ್ದರೆ ಹಕಾರ ಹೊರಡುವುದಿಲ್ಲ. ಅಪ್ಪ ಕಲಿಸಿದ್ದು ಅದೇ ಅಲ್ಲವೆ.

“ಅಕ್ಕಿ, ಸಾರ್.”

ಮಾದೇವಿ ನನ್ನನ್ನು ನೋಡಿ ಕಣ್ಣರಳಿಸಿ ನಕ್ಕಳು. ಅವಳ ಕಿವಿಗೆ ನಾನು ಹೇಳಿದ್ದು ಅವಳು ಹೇಳಿದ್ದೇ. ಗೆಳತಿ ತನ್ನ ಉತ್ತರವನ್ನು ಸರಿಯಾಗಿ ತಲುಪಿಸಿದಳು ಎಂದುಕೊಂಡಳು. ಹಾಗೆ ನಗುತ್ತಲೇ ಹೊರಗೆ ಹೋದಳು.

ಪರೀಕ್ಷೆ ಮಾಡುತ್ತಿದ್ದ ಮೇಷ್ಟರು ತಮ್ಮ ಹಾಳೆಯಲ್ಲಿ ‘ಅಕ್ಕಿ’ ಎಂದು ಬರೆದುಕೊಂಡರು. ಆಮೇಲೆ ನನಗೋ ತಮಗೋ ಎನ್ನುವಂತೆ, “ಅಕ್ಕಿ ಬೆಳ್ಳಗದ, ಹಾಲಿಗೂ ಹೊಂದತದ. ಗೂಡಿಗೆ ಹೊಂದೂದಿಲ್ಲ. ಭಾಳ ಸಮೀಪ ಬಂದಿದ್ಲು, ಹುಡುಗಿ,” ಎಂದರು. ಬಾಗಿಲು ತೆರೆದೇ ಇತ್ತು. ಜಗಲಿಯಲ್ಲಿ ಮಾದೇವಿ ಯಾರನ್ನೋ ನಗಿಸುತ್ತಿದ್ದಳು. ಆಗಲಾದರೂ — ಒಂದು ಉಸಿರು ಸಾಕಿತ್ತು. ನಾನು ಬೆಂಚಿನ ಮೇಲಿದ್ದ ಶಾಯಿಯ ಕಲೆ ನೋಡುತ್ತಾ ಕೂತೆ. ಅವರಿಗೆ ನಮ್ಮಿಬ್ಬರನ್ನೂ ಸಮವೆಂದು ಬಿಡಲು ಆಗುತ್ತಿರಲಿಲ್ಲ. ಮಾತು ಸ್ವಚ್ಛವಾಗಿದ್ದವಳನ್ನು ಆರಿಸಿದರು.

ವಸತಿ ಶಾಲೆಯಲ್ಲಿ ನನಗೆ ನೆಮ್ಮದಿಯಿತ್ತೆಂದು ತಿಳಿಯಬೇಡಿ. ದಿನಾ ಬೆಳಿಗ್ಗೆ ಹೆಸರು ಕರೆದಾಗ ‘ಹಾಜರ್’ ಎನ್ನಬೇಕಿತ್ತು. ಆ ಹಕಾರ ಗಂಟಲಲ್ಲಿ ಸಿಕ್ಕಿಕೊಳ್ಳುತ್ತಿತ್ತು. ವಾರ್ಡನ್ ಕರೆಸಿದರೆ ಸಾಕು, ಗೊತ್ತಾಗಿಹೋಯಿತು, ಆ ಮೇಷ್ಟರಿಗೆ ಯಾರೋ ನಮ್ಮ ಕಡೆಯ ಮಾತು ಕಲಿಸಿಬಿಟ್ಟಿದ್ದಾರೆ ಎಂದು ಹೆದರುತ್ತಿದ್ದೆ. ಯಾರಿಗೂ ಗೊತ್ತಾಗಲಿಲ್ಲ. ಗೊತ್ತಾಗದೇ ಹೋದದ್ದಕ್ಕೇ ಇನ್ನೂ ಹೆಚ್ಚು ಭಯವಾಗತೊಡಗಿತು.

ಒಂದು ರಜೆಗೆ ಊರಿಗೆ ಬಂದಾಗ ಅಮ್ಮ ಸಡಗರದಲ್ಲಿದ್ದಳು. “ತಮ್ಮನಿಗೆ ಹೆಣ್ಣು ಗೊತ್ತಾಯ್ತು ಕನೆ. ನಮ್ಮ ಜನವೇ, ಬಡವ್ರು. ನಿನ್ ಜೊತೆ ಓದ್ತಿದ್ಳಲ್ಲ, ಬಂಡಳ್ಳಿ ಮಾದೇವಿ.” ತಮ್ಮನಿಗೆ ಕೊಟ್ಟ ಮಾತು ಮುರಿದ ಅಳುಕಿನಲ್ಲಿ ಅಮ್ಮನೇ ಓಡಾಡಿ ಹುಡುಕಿದ್ದಳು. ಆ ಕೋಣೆಯ ವಿಷಯ ಈ ಮನೆಯಲ್ಲಿ ಗೊತ್ತಿದ್ದವಳು ನಾನೊಬ್ಬಳೇ. ಹೇಳಬೇಕಿತ್ತು. ಹೇಳಿದರೆ, ಇಷ್ಟು ದಿನ ಯಾಕೆ ಹೇಳಲಿಲ್ಲ, ಪರೀಕ್ಷೆಯ ದಿನ ಏನು ಮಾಡಿದೆ ಎಂದು ಒಂದರ ಹಿಂದೆ ಒಂದು ಎಲ್ಲಾ ಹೊರಬರುತ್ತದೆಂದು ಹೆದರಿದೆ. ಅಮ್ಮನ ಮಾತಿಗೆ “ಒಳ್ಳೇದಾಯ್ತು” ಎಂದೆ. ಪರೀಕ್ಷೆಯ ದಿನ ನನಗೆ ಯೋಚಿಸಲು ಒಂದು ಕ್ಷಣವಷ್ಟೇ ಇತ್ತು. ಈ ಸಲ ಇಡೀ ರಜೆಯಿತ್ತು. ಎರಡನೆಯದೇ ದೊಡ್ಡ ತಪ್ಪು.

ಮದುವೆಯಲ್ಲಿ ನನ್ನ ಕೈಗೂ ಅಕ್ಕಿಕಾಳು ಕೊಟ್ಟರು. ಅವಳ ತಲೆಯ ಮೇಲೆ ಹಾಕುವಾಗ ನನ್ನ ಕೈ ಬೆವರಿಗೆ ಕಾಳು ಅಂಟಿಕೊಂಡು ಉದುರಲೇ ಇಲ್ಲ. ಅವಳು ತಲೆ ತಗ್ಗಿಸಿಯೇ ಪಿಸುಗುಟ್ಟಿದಳು, “ನೀನಾರ ಓದು ಕನಮ್ಮಿ. ನಿಮ್ಮಾವ್ನ ಮನೆ ಅಲ್ವಾ, ನೀ ಬತ್ತಿರ್ತೀಯ. ಅದೇ ಧೈರ್ಯ ನಂಗೆ.” ಊಟವಾದ ಮೇಲೆ ಅಮ್ಮ ಹೇಳಿದಳು, “ಇನ್ಮೇಲೆ ಮಾದೇವಿ ಅನ್ಬೇಡ. ಅತ್ತೆ ಅನ್ನು.”

ನಾನು ಆ ಮನೆಗೆ ಹೋಗಲಿಲ್ಲ. ಓದು, ಪರೀಕ್ಷೆ, ಕೆಲಸ — ನೆವ ಸಿಗುತ್ತಲೇ ಇದ್ದವು. ಶಿಕ್ಷಕರಿಗೆ ತರಬೇತಿ ಕೊಡುವ ಕೆಲಸಕ್ಕೆ ಸೇರಿದೆ. ಮಕ್ಕಳ ಯೋಚನಾಶಕ್ತಿಯ ಬಗ್ಗೆ ಪಾಠ ಮಾಡುವಾಗ ಅದೇ ಮೂರು ಪದಗಳ ಆಟವನ್ನು ಕರಿಹಲಗೆಯ ಮೇಲೆ ಬರೆದು ವಿವರಿಸಿದ್ದೇನೆ. ಮುಖದಲ್ಲಿ ಒಂದು ಗೆರೆಯೂ ಅಲುಗದಂತೆ! ಈಚೆಗೆ ಕೊಳ್ಳೇಗಾಲಕ್ಕೇ ವರ್ಗವಾಯಿತು. ಮಾವನಿಗೆ ಲಕ್ವ ಹೊಡೆದಿದೆ, ನೋಡಿಕೊಂಡು ಬಾ ಎಂದು ಅಮ್ಮ ಹಠ ಹಿಡಿದಳು. ಹೋದೆ.

ಮಾವ ಪಡಸಾಲೆಯ ಮಂಚದ ಮೇಲೆ ಗೋಡೆಗೆ ಮುಖ ಮಾಡಿ ಮಲಗಿದ್ದ. ಮಾದೇವಿ ಹಿತ್ತಲಲ್ಲಿ ಮೊರ ಹಿಡಿದು ಅಕ್ಕಿ ಕೇರುತ್ತಿದ್ದಳು. ಪಕ್ಕದಲ್ಲಿ ಮಗಳು ನೀಲ, ತಾಯಿಯದೇ ಕಣ್ಣು. “ಅತ್ತೆ” ಎಂದೆ. “ಥೂ, ಮಾದೇವಿ ಅನ್ನಮ್ಮಿ,” ಎಂದು ನಕ್ಕು ಪಕ್ಕದಲ್ಲಿ ಕೂರಿಸಿಕೊಂಡಳು. ನನ್ನ ಕಣ್ಣು ಕೋಣೆಯ ಬಾಗಿಲಿಗೇ ಹೋಗುತ್ತಿದ್ದದ್ದನ್ನು ಅವಳು ಗಮನಿಸಿದಳು. “ಮೊದ್ಲೆಲ್ಲಾ ಕ್ವಾಪ ಬಂದಾಗ ಅದ್ರೊಳಗೆ ಕೂಡಾಕೋರು. ಈಗ ಅವ್ರ್ಗೆ ಕೈಯೇ ಆಡಕಿಲ್ಲ ಬುಡು,” ಎಂದಳು, ಮಳೆ ಬಂದು ಹೋಯಿತು ಎನ್ನುವ ದನಿಯಲ್ಲಿ. ಮೊರ ಆಡುತ್ತಲೇ ಇತ್ತು. “ಕತ್ಲೇಲಿ ಏನ್ಮಾಡದು ಯೋಳು? ಆವತ್ತಿನ ಒಗಟೇ ಗ್ಯಾನ ಮಾಡ್ಕಂಡು ಕುಂತಿರನಿ. ಆಲು, ಬಿಳ್ಪು, ಗೂಡು. ಎಂಗ್ ತಿರುಗ್ಸಿದ್ರೂ ಅಕ್ಕಿನೇ ಬತ್ತದೆ. ಅಕ್ಕಿ ಅಲ್ದಿದ್ರೆ ಇನ್ನೇನಮ್ಮಿ ಅದು? ನೀ ಓದ್ದೋಳು, ನಿಂಗ್ ಗೊತ್ತಿರ್ಬೇಕು.”

“ಮರೆತುಹೋಯ್ತು,” ಎಂದೆ.

“ಓಗ್ಲಿ ಬುಡು. ನನ್ ತಲೆ ಅಷ್ಟೇಯ. ಇವ್ಳ್ಗೂ ಅದೇ ಬಂದದೆ. ಈ ವರ್ಸುಕ್ಕೆ ಇಸ್ಕೂಲ್ ಬುಡುಸ್ತೀನಿ, ಆಗ್ದಿರೋದ್ಕೆ ಯಾಕೆ ಆಸೆ?” ನೀಲ ತಲೆ ತಗ್ಗಿಸಿ ಅಕ್ಕಿಯೊಳಗಿನ ನೆಲ್ಲು ಆರಿಸುತ್ತಿದ್ದಳು.

ಬಸ್ಸು ಹತ್ತಿ ಕೊಳ್ಳೇಗಾಲಕ್ಕೆ ಬಂದುಬಿಟ್ಟೆ. ಓಡಿ ಬಂದೆ ಎಂದರೂ ಸರಿ. ಮನೆಯಲ್ಲಿ ಚಿಲಕ ಹಾಕಿ ಕೂತರೆ ಬಾಗಿಲನ್ನು ಯಾರೋ ಕೆರೆದಂತೆ ಕೇಳುತ್ತಿತ್ತು. ಎದ್ದು ತೆರೆದು ನೋಡುತ್ತಿದ್ದೆ, ಯಾರೂ ಇರುತ್ತಿರಲಿಲ್ಲ. ಅವಳು ಕೂಗಾಡುತ್ತಾಳೆ, ಅಮ್ಮನಿಗೆ ತಿಳಿಯುತ್ತದೆ, ಕೆಲಸ ಹೋಗುತ್ತದೆ — ಎಂಥೆಂಥದೋ ಭಯ. ಆದರೆ ಆ ಹುಡುಗಿ ತಲೆ ತಗ್ಗಿಸಿದ್ದನ್ನು ನೆನೆದಾಗ ಬಂದ ಭಯವೇ ಬೇರೆ. ಮುಂದಿನ ಭಾನುವಾರದವರೆಗೂ ತಡೆಯಲಾಗದೆ, ರಜೆ ಹಾಕಿ ಮತ್ತೆ ಯಳಂದೂರಿಗೆ ಹೋದೆ.

“ಅದ್ಯಾಕಮ್ಮಿ ಮತ್ತೆ ಬಂದೆ? ಏನಾರ ಮರ್ತೋದ್ಯಾ?” ಎಂದಳು ಮಾದೇವಿ.

“ಒಗಟಿನ ಉತ್ತರ ಹೇಳೋಕೆ ಬಂದೆ. ಅದು ಹಕ್ಕಿ.”

ಅವಳ ಮುಖದಲ್ಲಿ ಏನೂ ಬದಲಾಗಲಿಲ್ಲ. “ಅದೇಯಲ್ವಾ ನಾನೂ ಯೋಳಿದ್ದು? ಅಕ್ಕಿ.”

ಇದನ್ನು ನಾನು ಎಣಿಸಿರಲಿಲ್ಲ. ಒಂದು ಮಾತು ಹೇಳಿ ಅವಳ ಬೈಗುಳ ಕಾಯುತ್ತಾ ನಿಲ್ಲಬಹುದೆಂದುಕೊಂಡಿದ್ದೆ. ಅವಳಿಗೆ ಎರಡೂ ಒಂದೇ. ನನ್ನ ತಪ್ಪನ್ನು ನಾನೇ ಬಿಡಿಸಿ ಬಿಡಿಸಿ ಪಾಠದಂತೆ ಹೇಳಬೇಕಾಯಿತು. ಅವರಿಗೆ ಎರಡೂ ಬೇರೆ. ನೀನು ಹೇಳಿದ್ದು ಹಾರುವ ಹಕ್ಕಿ. ನಾನು ಅವರಿಗೆ ಉಣ್ಣುವ ಅಕ್ಕಿ ಎಂದು ಹೇಳಿದೆ. ಬೇಕೆಂತಲೇ ಹೇಳಿದೆ. ನಿನ್ನದು ಸರಿಯಿತ್ತು, ನನ್ನದು ತಪ್ಪಾಗಿತ್ತು. ಈ ಕೋಣೆಯ ವಿಷಯವೂ ನಿನ್ನ ಮದುವೆಗೆ ಮುಂಚೆಯೇ ನನಗೆ ಗೊತ್ತಿತ್ತು.

ಮೊದಲು ಅರ್ಥವಾದದ್ದು ನೀಲಳಿಗೆ. ಅವಳು ಕೈಯಲ್ಲಿದ್ದ ಅಕ್ಕಿಯನ್ನು ಮೊರಕ್ಕೆ ಬಿಟ್ಟು ನನ್ನನ್ನೇ ನೋಡಿದಳು. ಆಮೇಲೆ ತಾಯಿಯ ಅಂಗೈ ಹಿಡಿದು ಅವಳ ಬಾಯಿಯ ಮುಂದೆ ತಂದು, “ಅವ್ವ, ಉಸ್ರು ಬುಟ್ಟು ಯೋಳು. ನಮ್ ಮಿಸ್ಸು ಇಂಗೇ ಯೋಳ್ಕೊಡದು. ಹಕ್ಕಿ,” ಎಂದಳು. “ಅಕ್ಕಿ,” ಎಂದಳು ಮಾದೇವಿ. “ಉಸ್ರು ಬುಡವ್ವ.” “ಅಕ್ಕಿ... ಹಕ್ಕಿ.”

ಉಸಿರು ಅಂಗೈಗೆ ತಾಗಿರಬೇಕು. ಮಾದೇವಿ ಕೈ ತಿರುಗಿಸಿ ಅಂಗೈಯನ್ನೇ ನೋಡುತ್ತಾ ಕೂತಳು.

“ಇಷ್ಟ್ಕೇಯಾ?” ಎಂದಳು.

ನನಗೆ ಹೆದರಿಕೆಯಾಗಿತ್ತು, ಆಗ ನಾನಿನ್ನೂ ಚಿಕ್ಕವಳು ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಅವಳೂ ನನ್ನಷ್ಟೇ ಚಿಕ್ಕವಳಿದ್ದಳು. “ಹೂಂ,” ಎಂದೆ.

ಅವಳು ಕೂಗಾಡಲಿಲ್ಲ, ಅಳಲಿಲ್ಲ. ಮಗಳ ಮುಂದಿದ್ದ ಮೊರವನ್ನು ಎಳೆದುಕೊಂಡು, “ಏಳಮ್ಮಿ. ಒತ್ತಾಯ್ತು, ಇಸ್ಕೂಲ್ಗೆ ಓಗು,” ಎಂದಳು. ನೀಲ ಚೀಲ ಹುಡುಕಿಕೊಂಡು ಓಡಿದಳು. ಮಾದೇವಿ ಅಕ್ಕಿ ಕೇರತೊಡಗಿದಳು. ನಾನು ಎದುರಿಗೇ ಕೂತಿದ್ದರೂ ಆ ಹಿತ್ತಲಲ್ಲಿ ಅವಳೊಬ್ಬಳೇ ಇದ್ದಂತಿತ್ತು.

ಅವಳು ಕ್ಷಮಿಸಿದಳೆಂದು ಬರೆಯಲಾರೆ. ನಾನು ಕೇಳಲೂ ಇಲ್ಲ. ಎದ್ದು ನಿಂತೆ. ನಮ್ಮಲ್ಲಿ ಹೊರಡುವಾಗ ಹೋಗುತ್ತೇನೆ ಎನ್ನಬಾರದು, ಬರುತ್ತೇನೆ ಎನ್ನಬೇಕು. ಬರುತ್ತೇನೆ ಎನ್ನಲು ಬಾಯಿ ಬರಲಿಲ್ಲ. “ಹೋಗುತ್ತೇನೆ, ಮಾದೇವಿ,” ಎಂದೆ. ಅವಳು ಮೊರದಿಂದ ತಲೆಯೆತ್ತಲಿಲ್ಲ.